ಪಟ್ಣದ ಬಸ್ಸಿಗೆ ಒಂದೇ ಸೀಟು

ಮುಬಶ್ಶಿರ್‌ನನ್ನು ಮೊದಲ ಸಲ ಕಂಡಾಗ ನಾನು ಮಾಡಿದ ಕೆಲಸ ಅವನ ಬಾಯಿ ಮುಚ್ಚಿಸಿದ್ದು.

ಓಪಿಡಿಯಲ್ಲಿ ಅಪ್ಪ, ಮಗ ಇಬ್ಬರೂ ನನ್ನೆದುರು ಕೂತಿದ್ದರು. ಅಪ್ಪನನ್ನು ಏನು ಕೇಳಿದರೂ ಮಗನೇ ಉತ್ತರ ಕೊಡುತ್ತಿದ್ದ. ತೊಂದರೆ ಯಾವಾಗಿನಿಂದ, ನುಂಗುವಾಗ ನೋವಿದೆಯಾ, ಬೀಡಿ ಸೇದುತ್ತಾರಾ, ಎಲ್ಲದಕ್ಕೂ ಅವನೇ ಮುಂದು. ಇಂಥವರನ್ನು ಕಂಡರೆ ನನಗೆ ಆಗದು. ಕಾಯಿಲೆ ಒಬ್ಬರದು, ಮಾತೆಲ್ಲ ಇನ್ನೊಬ್ಬರದು.

"ರೀ, ನೀವು ಸ್ವಲ್ಪ ಸುಮ್ನಿರ್ತೀರಾ? ಗಂಟಲು ಅವರದು. ಅವರು ಹೇಳ್ಲಿ."

ಅವನು ಸುಮ್ಮನಾದ. ಅಪ್ಪ ಬಾಯಿ ತೆರೆದರು. ಹೊರಗೆ ಬಂದದ್ದು ಬರೀ ಗಾಳಿ. 'ಮಾತು ಬರಾಕಿಲ್ಲ ಕಣವ್ವ' ಎನ್ನುತ್ತಿದ್ದಾರೆಂದು ಅವರ ತುಟಿ ನೋಡಿ ತಿಳಿದುಕೊಳ್ಳಬೇಕಾಯಿತು.

ನನಗೆ ನಾಚಿಕೆಯಾಗಿ ಮಗನ ಕಡೆ ತಿರುಗಿದೆ. ಅವನು ಕ್ಲಾಸಿನಲ್ಲಿ ಬೈಸಿಕೊಂಡವನ ಹಾಗೆ ತುಟಿ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ. ಕಣ್ಣು ಮಾತ್ರ ನಗುತ್ತಿತ್ತು.

"ಸರಿ, ನೀವೇ ಹೇಳಿ" ಎಂದೆ.

"ಪರ್ಮಿಷನ್ ಸಿಕ್ತಾ ಮೇಡಂ?" ಎಂದ.

ಗಫಾರ್ ಸಾಬರು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳ ಏಜೆಂಟರು. ಬಸ್ಸಿನ ಬಾಗಿಲ ಬಳಿ ನಿಂತು, ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವುದು ಅವರ ಜೀವಮಾನದ ಕೆಲಸ. ಹೊಸಹೊಳಲಿನಿಂದ ನಡೆದು ಬರುವ ಹೆಂಗಸರು ರಸ್ತೆಯ ತಿರುವಿನಲ್ಲೇ ಆ ಕೂಗು ಕೇಳಿ, ಬಸ್ಸು ಇನ್ನೂ ಬಿಟ್ಟಿಲ್ಲವೆಂದು ನಿಧಾನವಾಗಿ ಬರುತ್ತಿದ್ದರಂತೆ. ಆ ದನಿಪೆಟ್ಟಿಗೆಯ ಮೇಲೆ ಈಗ ಕ್ಯಾನ್ಸರ್ ಕೂತಿತ್ತು. ಗಡ್ಡೆ ಚಿಕ್ಕದು, ಬೇಗ ಕೈಗೆ ಸಿಕ್ಕಿತ್ತು. ಕತ್ತರಿ ಹಾಕದೆ ರೇಡಿಯೇಶನ್ನಿನಲ್ಲೇ ಗುಣವಾಗುವಂಥದ್ದು.

ನನ್ನ ಬಾಗಿಲ ಮೇಲೆ 'ಡಾ. ಶಬ್ರೀನ್, ರೇಡಿಯೇಶನ್ ಆಂಕಾಲಜಿಸ್ಟ್' ಎಂದು ಬರೆದಿದೆ. ಅಷ್ಟುದ್ದ ಯಾರೂ ಓದುವುದಿಲ್ಲ. ಪಾಂಡವಪುರ, ನಾಗಮಂಗಲದ ಕಡೆಯಿಂದ ಬರುವವರಿಗೆಲ್ಲ ರೇಡಿಯೇಶನ್ ಎಂದರೆ ಕರೆಂಟು, ನಾನು ಕರೆಂಟ್ ಡಾಕ್ಟ್ರಮ್ಮ. 'ಕರೆಂಟು ಸುಡ್ತದಾ?' ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಮುಬಶ್ಶಿರ್ ಅದನ್ನು ಕೇಳಲಿಲ್ಲ.

"ದನಿ ವಾಪಸ್ ಬರುತ್ತಾ ಮೇಡಂ?"

"ಕಾಯಿಲೆ ಹೋಗುತ್ತೆ ಅನ್ನೋ ನಂಬಿಕೆ ನನಗಿದೆ. ದನಿ ಬರಬಹುದು. ಮೊದಲಿನ ಹಾಗೇ ಬರುತ್ತೆ ಅಂತ ಮಾತ್ರ ಹೇಳಲಾರೆ."

ಅಪ್ಪ ಮಗನ ತೊಡೆ ತಟ್ಟಿದರು. ಆಗಲಿ ಬುಡು ಎನ್ನುವ ಹಾಗೆ.

ಟ್ರೀಟ್‌ಮೆಂಟ್ ಮುಗಿಯುವವರೆಗೆ ಪಿಸುಮಾತೂ ಬೇಡವೆಂದೆ. ಬೀಡಿಯಂತೂ ಮುಟ್ಟಲೇಬಾರದು ಎಂದೆ. ಗಫಾರ್ ಸಾಬರು ಜೇಬಿನಿಂದ ಬೀಡಿ ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟು, ಅದಕ್ಕೊಂದು ಸಲಾಮು ಹೊಡೆದರು.

*

ಗಂಟಲಿಗೆ ಕರೆಂಟು ಕೊಡುವಾಗ ತಲೆ ಒಂದಿಷ್ಟೂ ಅಲುಗಬಾರದು. ಅದಕ್ಕೆ ಮುಖದ ಅಚ್ಚಿಗೆ ಸರಿಯಾಗಿ ಒಂದು ಜಾಲರಿಯ ಮಾಸ್ಕ್ ಮಾಡಿ, ಟೇಬಲ್ಲಿಗೆ ಬಿಗಿಯುತ್ತೇವೆ. ಆಮೇಲೆ ನಾವೆಲ್ಲರೂ ಹೊರಗೆ ಬಂದು ದಪ್ಪ ಬಾಗಿಲು ಹಾಕಿಕೊಳ್ಳುತ್ತೇವೆ. ಒಳಗೆ ಪೇಶೆಂಟ್ ಒಬ್ಬರೇ. ಹೊರಗೆ ಕ್ಯಾಮೆರಾದಲ್ಲಿ ನಾವು ಅವರನ್ನು ನೋಡುತ್ತೇವೆ, ಮೈಕಿನಲ್ಲಿ ಧೈರ್ಯ ಹೇಳುತ್ತೇವೆ. ಎಷ್ಟು ಹೇಳಿದರೂ ಅದು ಒಂಟಿತನವೇ.

ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಬದುಕಿದ ಮನುಷ್ಯ ಆ ಮೌನವನ್ನು ತಾಳಲಿಲ್ಲ. ಮೊದಲ ದಿನವೇ ನಿಲ್ಲಿಸಿ ಎಂದು ಕೈ ಎತ್ತಿಬಿಟ್ಟರು. ಮಾಸ್ಕ್ ಬಿಚ್ಚಿದಾಗ ಕಣ್ಣಲ್ಲಿ ನೀರಿತ್ತು.

"ಮೈಕಲ್ಲಿ ನಾನು ಮಾತಾಡ್ಲಾ?" ಎಂದು ಮುಬಶ್ಶಿರ್ ಕೇಳಿದ. ಮಿಷನ್ ನಡೆಸುವ ನಾಗರಾಜು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್ ಎಂದು ನಾಗರಾಜು ಸ್ವಿಚ್ಚು ತೋರಿಸಿಕೊಟ್ಟ.

ಮುಬಶ್ಶಿರ್ ಬಗ್ಗಿ, ಮೆಲ್ಲಗೆ ಶುರು ಮಾಡಿದ.

"ಅಬ್ಬಾ, ಬಸ್ಸು ಪೇಟೆ ಬಿಡ್ತು. ನೀವು ಕಿಟಕಿ ಸೀಟಲ್ಲಿ ಕೂತಿದ್ದೀರಿ... ಚಿನಕುರಳಿ ಬಂತು. ಇನ್ನು ಸ್ವಲ್ಪ ಹೊತ್ತು, ಅಲುಗಾಡಬೇಡಿ... ಪಾಂಡವಪುರ... ಪಟ್ಣ ಹತ್ರ ಬಂತು... ಬಾಬುರಾಯನಕೊಪ್ಪಲು, ಆಸ್ಪತ್ರೆ ಸ್ಟಾಪು. ಇಳೀರಿ ಅಬ್ಬಾ."

ಮಿಷನ್ ಅಷ್ಟು ಹೊತ್ತಿಗೆ ನಿಂತಿತು. ಗಫಾರ್ ಸಾಬರು ಕೈ ಎತ್ತಿರಲಿಲ್ಲ. ನಾಗರಾಜು ಮೂಗು ಒರೆಸಿಕೊಂಡ. ನಾನು ಕ್ಯಾಮೆರಾದ ಪರದೆಯ ಕಡೆ ಮುಖ ಮಾಡಿ ನಿಂತೆ. ಡಾಕ್ಟರು ಅಳುವುದನ್ನು ಪೇಶೆಂಟಿನ ಮನೆಯವರು ನೋಡಬಾರದು.

ಮಾರನೇ ದಿನದಿಂದ ಅದೇ ಪದ್ಧತಿಯಾಯಿತು. ನನಗೆ ಆ ಹೊತ್ತಿಗೆ ಅಲ್ಲಿ ಕೆಲಸವಿರಲಿ ಬಿಡಲಿ, ನಾನು ಅಲ್ಲಿರುತ್ತಿದ್ದೆ. ಒಂದೂರಿಗೂ ಇನ್ನೊಂದೂರಿಗೂ ನಡುವೆ ಅವನು ನನ್ನ ಜೊತೆ ಮಾತಾಡುತ್ತಿದ್ದ.

"ಮೇಡಂ, ಒಂದು ಮಾತು. ನಿಮ್ಮ ಕನ್ನಡಕ ದಿನಾ ಜಾರುತ್ತೆ."

"ಜಾರ್ಲಿ. ನಿಮಗೇನು ಕಷ್ಟ?"

"ನಂದು ಬಸ್ ಸ್ಟ್ಯಾಂಡ್ ಎದುರುಗಡೆ ಕನ್ನಡಕದ ಅಂಗಡಿ. ಜಾರೋ ಕನ್ನಡಕ ನೋಡಿದ್ರೆ ನನಗೆ ಊಟ ಸೇರಲ್ಲ."

ಕೈ ಚಾಚಿದ. ನಾನು ಯಾಕೆ ಕೊಟ್ಟೆನೋ, ಕೊಟ್ಟೆ. ಕನ್ನಡಕವಿಲ್ಲದಿದ್ದರೆ ನನಗೆ ಒಂದು ಮೊಳದಾಚೆ ಎಲ್ಲವೂ ಮಸುಕು. ಅವನು ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದದ್ದು, ಉಸಿರು ಊದಿ ಗಾಜು ಒರೆಸಿದ್ದು ಸದ್ದಿನಿಂದಷ್ಟೇ ತಿಳಿಯಿತು. ಅವನೇ ತೊಡಿಸಬಹುದಿತ್ತು. ತೊಡಿಸಲಿಲ್ಲ. ನನ್ನ ಅಂಗೈಯಲ್ಲಿಟ್ಟ. ಹಾಕಿಕೊಂಡು ನೋಡಿದರೆ ಮೊದಲು ಕಂಡದ್ದು ಅವನ ಮುಖ, ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲಿ.

"ಈಗ ಸರಿಯಾಗಿ ಕಾಣ್ತಾ ಇದೆಯಾ?" ಎಂದ.

"ಕಾಣ್ತಾ ಇದೆ. ಪಾಂಡವಪುರ ಹೇಳೋದು ಮರೆತಿರಿ."

ಪರದೆಯಲ್ಲಿ ಗಫಾರ್ ಸಾಬರ ಕಾಲ್ಬೆರಳು ಕುಣಿಯುತ್ತಿದ್ದವು. ಪಾಪ, ಚಳಿಯಾಗುತ್ತಿರಬೇಕೆಂದು ನಾಳೆಯಿಂದ ಕಂಬಳಿ ಹೊದಿಸಲು ನಾಗರಾಜುಗೆ ಹೇಳಿದೆ. ಅವನು ಸೀಲಿಂಗ್ ನೋಡುತ್ತಾ "ಆಯ್ತು ಮೇಡಂ" ಎಂದ.

*

ಕೊನೆಯ ದಿನ ಅವನು ಚಿನಕುರಳಿಯವರೆಗೆ ಹೇಳಿ ನಿಲ್ಲಿಸಿದ.

"ನಾಳೆಯಿಂದ ನಾನು ಇಲ್ಲಿಗೆ ಬರೋ ಹಂಗಿಲ್ಲ."

"ಸಂತೋಷಪಡಿ. ಇಲ್ಲಿಗೆ ಬರೋದು ತಪ್ಪಿದ್ರೆ ಎಲ್ಲರೂ ಖುಷಿಪಡ್ತಾರೆ."

"ಅಬ್ಬಾ ಲೆಕ್ಕದಲ್ಲಿ ಖುಷಿ. ನನ್ನ ಲೆಕ್ಕದಲ್ಲಿ ಇಲ್ಲ." ನನ್ನ ಕಡೆ ತಿರುಗಿ, "ಶಬ್ರೀನ್, ನಮ್ಮ ಅಮ್ಮೀನ ನಿಮ್ಮ ಮನೆಗೆ ಪೈಗಾಮ್ ತಗೊಂಡು ಕಳಿಸಲಾ?" ಎಂದ.

ಪೈಗಾಮ್ ಎಂದರೆ ಗಂಡಿನ ಮನೆಯ ಹಿರಿಯರು ಹೆಣ್ಣು ಕೇಳಿಕೊಂಡು ಬರುವ ಮಾತು. ಅಲ್ಲಿಯವರೆಗೆ ಅವನಿಗೆ ನಾನು ಮೇಡಂ ಆಗಿದ್ದೆ. ನನ್ನ ಹೆಸರು ಅಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಹೂಂ ಎನ್ನಬೇಕೆಂದು ಆಸೆಯಾಯಿತು. ಆದರೆ ನಾನಿರುವ ಪಟ್ಣದ ಪೇಟೆಬೀದಿಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ದಾಟಿಕೊಳ್ಳುವ ಒಂದು ಕುಟುಂಬವಿದೆ. ಅವರ ತಾಯಿಯನ್ನು ಉಳಿಸಲು ನನ್ನಿಂದಾಗಲಿಲ್ಲ. ತಪ್ಪು ನನ್ನದಲ್ಲವೆಂದು ಅವರಿಗೂ ಗೊತ್ತು. ನನ್ನ ಮುಖ ಕಂಡರೆ ಆ ದಿನಗಳು ನೆನಪಾಗುತ್ತವೆ, ಅಷ್ಟೆ. ಹಾಗೆ ನೆನಪಾಗುವ ಮುಖವನ್ನು ಹೊತ್ತು ಗಫಾರ್ ಸಾಬರ ಮನೆಯೊಳಗೆ ಹೋಗಲು ನನಗೆ ಧೈರ್ಯವಿರಲಿಲ್ಲ.

"ನಿಮ್ಮ ಅಬ್ಬಾ ದನಿ ಬರ್ಲಿ" ಎಂದೆ. "ಬರದೆ ಹೋದ್ರೆ, ಆ ಮೂಕ ಮನೇಲಿ ದಿನಾ ಅವರೆದುರು ಕೂತು ನಾನು ಹೇಗೆ ಊಟ ಮಾಡ್ಲಿ? ದನಿ ಬರೋವರೆಗೆ ಈ ಮಾತು ಎತ್ತಬೇಡಿ."

"ಅಬ್ಬಾ ಹಂಗೆಲ್ಲ ಅಂದ್ಕೊಳ್ಳೋರಲ್ಲ."

"ನಾನು ಅಂದ್ಕೋತೀನಿ."

ಅವನು ಮೈಕಿನ ಕಡೆ ತಿರುಗಿ ಪಟ್ಣ ಬಂತು ಎಂದ. ಪಾಂಡವಪುರವನ್ನು ಇಬ್ಬರೂ ಮರೆತಿದ್ದೆವು. ಆ ದಿನ ಕಂಬಳಿಯ ಕೆಳಗೆ ಕಾಲ್ಬೆರಳು ಕುಣಿಯಲಿಲ್ಲ.

*

ಕೆಲವು ತಿಂಗಳ ಮೇಲೆ ಚೆಕಪ್ಪಿಗೆ ಬಂದರು. ಗಂಟಲಿಗೆ ಕ್ಯಾಮೆರಾ ಬಿಟ್ಟು ನೋಡಿದರೆ ತೊಳೆದಿಟ್ಟ ಹಾಗೆ ಶುದ್ಧ. ಗಡ್ಡೆಯ ಗುರುತೂ ಇಲ್ಲ. ನನ್ನ ಮನಸ್ಸು ಹಗುರಾಯಿತು.

"ಮಾತಾಡಿ ನೋಡೋಣ."

"ಸಲಾಂ ಬೇಟಿ" ಎಂದರು. ದನಿ ಇತ್ತು. ಒರಟಾದ, ಸಣ್ಣ ದನಿ. ಮೇಜು ದಾಟಿ ನನ್ನವರೆಗೆ ಬರಲು ಕಷ್ಟಪಟ್ಟಿತು.

ಗಂಟಲಿಗೆ ಮಾಡಿಸುವ ಅಭ್ಯಾಸಗಳನ್ನು ಹೇಳಿಕೊಟ್ಟೆ. ಇನ್ನೂ ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು ಎಂದೆ. ಮುಬಶ್ಶಿರ್ ಎದ್ದು ನಿಂತು "ಜೀವ ಉಳಿಸಿದ್ರಿ. ಥ್ಯಾಂಕ್ಸ್ ಮೇಡಂ" ಎಂದ. ನಾನು ಕೇಳಿಕೊಂಡ ಹಾಗೆ ಬೇರೇನೂ ಎತ್ತಲಿಲ್ಲ. ಬಾಗಿಲ ಬಳಿ ಒಮ್ಮೆ ತಿರುಗಿ ನನ್ನ ಕನ್ನಡಕ ನೋಡಿದ. ಜಾರಿರಲಿಲ್ಲ. ಜಾರಿದ್ದರೆ ಚೆನ್ನಾಗಿತ್ತು.

ಅವನು ಹಟ ಮಾಡಿದ್ದರೆ ನಾನೂ ಹಟ ಮಾಡುತ್ತಿದ್ದೆ. ಅವನು ನನ್ನ ಮಾತನ್ನು ಗೌರವಿಸಿಬಿಟ್ಟ. ಅದಕ್ಕೆ ನನ್ನ ಹತ್ತಿರ ಔಷಧಿ ಇರಲಿಲ್ಲ.

*

ಅದಾದ ಕೆಲವು ತಿಂಗಳಿಗೆ ಕೆ.ಆರ್. ಪೇಟೆಯಲ್ಲಿ ಬಾಯಿ, ಗಂಟಲು ತಪಾಸಣೆಯ ಕ್ಯಾಂಪ್ ಇಟ್ಟಾಗ ನಾನೇ ಹೋಗುತ್ತೇನೆಂದೆ. ಕ್ಯಾಂಪ್ ಮುಗಿದ ಮೇಲೆ ಎಲ್ಲರೂ ವ್ಯಾನ್ ಹತ್ತಿದರು. "ನಾನು ಬಸ್ಸಿಗೆ ಬರ್ತೀನಿ" ಎಂದೆ. ಯಾಕೆಂದು ನಾಗರಾಜು ಕೇಳಲಿಲ್ಲ. ವ್ಯಾನಿನ ಬಾಗಿಲನ್ನು ಬೇಗ ಹಾಕಿಕೊಂಡ.

ಬಸ್ ಸ್ಟ್ಯಾಂಡಿನ ಗೇಟಿನಲ್ಲೇ ಕೇಳಿಸಿತು.

"ಚಿನ್ಕುರ್ಳಿ, ಪಾಂಡುಪುರ, ಪಟ್ಣ, ಮೈಸೂರ್..."

ಮಧ್ಯೆ ಸೀಳಿದ ದನಿ. 'ಪಟ್ಣ' ಎನ್ನುವಲ್ಲಿ ಕಟ್ಟಿತು, 'ಮೈಸೂರ್' ಎನ್ನುವಲ್ಲಿ ಎದ್ದಿತು. ತರಕಾರಿ ಚೀಲ ಹೊತ್ತ ಹೆಂಗಸೊಬ್ಬಳು "ಇರು ಗಫಾರಣ್ಣ, ಬತ್ತಾ ಇವ್ನಿ" ಎಂದು ನನ್ನನ್ನು ದಾಟಿ ಓಡಿದಳು. ನಾನು ನಿಂತಲ್ಲೇ ನಿಂತೆ.

ಗಫಾರ್ ಸಾಬರು ನನ್ನನ್ನು ಕಂಡರು. ಆಶ್ಚರ್ಯವೇನೂ ಪಡಲಿಲ್ಲ.

"ಬನ್ನಿ ಡಾಕ್ಟ್ರಮ್ಮ. ಮೊದ್ಲು ನನ್ ಕೂಗು ಆ ತಿರುವಿನ ತಂಕ ಓಯ್ತಿತ್ತು. ಈಗ ಗೇಟಿನ ತಂಕ ಓಯ್ತದೆ. ಜನ ಒಸಿ ಬೇಗ ನಡೀತಾರೆ, ಅಷ್ಟೇಯ."

"ಸುಸ್ತಾಗಲ್ವಾ?" ಎಂದೆ.

"ಆಯ್ತದೆ. ಒಂದ್ ಮಾತ ಕೇಳ್ಲಾ ಬೇಟಿ? ನಿಮ್ ಮಾಸ್ಕು ಐತಲ್ಲ, ಅದು ಬೀಗ ಆಕೋದು ಬಾಯ್ಗೆ ಕಣವ್ವ. ಕಿವೀಗಲ್ಲ."

ನನಗೆ ಅರ್ಥವಾಗಲಿಲ್ಲ.

"ನನ್ ಮಗ ಸ್ವಿಚ್ ಒತ್ತೋನು. ಮತ್ತೆ ಒತ್ತೋದ ಮರ್ತೋಗೋನು, ದಿನಾನೂ. ಕನ್ನಡಕ ಜಾರಿದ್ದು ಕೇಳ್ದೆ, ಸ್ಕ್ರೂ ತಿರುವಿದ್ದು ಕೇಳ್ದೆ. ನಗಂಗಿಲ್ಲ, ತಲೆ ಅಲುಗಂಗಿಲ್ಲ. ಕಾಲ್ಬೆರಳಲ್ಲಿ ನಕ್ಕೊಂಡೆ. ನೀವು ಕಂಬ್ಳಿ ಒದ್ಸುದ್ರಿ."

ನನ್ನ ಕಿವಿ ಕಾದವು. ಸೀಲಿಂಗ್ ನೋಡುತ್ತಿದ್ದ ನಾಗರಾಜು ನೆನಪಾದ.

"ಕಡೇ ದಿನದ್ದೂ ಕೇಳ್ದೆ" ಎಂದರು. ಈಗ ಅವರು ನಗುತ್ತಿರಲಿಲ್ಲ. "ಅಬ್ಬಾ ದನಿ ಬರ್ಲಿ ಅಂದ್ರಿ. ಅದ್ಕೇಯ ನೀವ್ ಏಳ್ಕೊಟ್ಟಂಗೆ ದಿನಾ ಗಂಟ್ಲು ತಿದ್ದಿವ್ನಿ. ಇಷ್ಟು ಬಂದೈತೆ. ಇದ್ರ ಮ್ಯಾಕೆ ಬರಾಕಿಲ್ವೇನೋ. ನಂಗೆ ಸಾಕು. ನಿಮ್ಗೆ ಸಾಕಾ?"

ಇಷ್ಟು ದಿನ ನಾನು ಆ ದನಿಯನ್ನು ಹಳೆಯದರ ಪಕ್ಕದಲ್ಲಿಟ್ಟು ಅಳೆದಿದ್ದೆ. ಅವರು ಅದನ್ನು ನನಗಾಗಿ ಅಂಗುಲ ಅಂಗುಲವಾಗಿ ಎತ್ತಿ ತಂದಿದ್ದರು. ನನಗೆ ಅಳು ಬಂತು. ಈ ಸಲ ಮುಖ ತಿರುಗಿಸಲಿಲ್ಲ.

"ಸಾಕು" ಎಂದೆ.

ಅವರು ರಸ್ತೆಯಾಚೆಯ ಕನ್ನಡಕದ ಅಂಗಡಿಯ ಕಡೆ ತಿರುಗಿ, ಎದೆ ತುಂಬ ಉಸಿರೆಳೆದುಕೊಂಡರು.

"ಲೇ ಮುಬಶ್ಶಿರ್, ಪಟ್ಣದ ಬಸ್ಸು ಒಂಟದೆ ಕಣ್ಲಾ. ಡಾಕ್ಟ್ರಮ್ಮ ಊಂ ಅಂದವ್ರೆ. ಒಂದೇ ಸೀಟು ಐತೆ, ಬಂದ್ ಅತ್ಕೋ."

ದನಿ ಎರಡು ಕಡೆ ಕಟ್ಟಿತು. ಆದರೂ ರಸ್ತೆ ದಾಟಿತು. ಟೀ ಅಂಗಡಿಯವರು, ಹೂವಿನವಳು, ಬಸ್ಸಿನೊಳಗಿದ್ದವರು ಎಲ್ಲರೂ ತಿರುಗಿ ನೋಡಿದರು. ಮುಬಶ್ಶಿರ್ ಗಾಜು ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದ. ನನ್ನನ್ನು ನೋಡಿದ, ಅಪ್ಪನನ್ನು ನೋಡಿದ. ಆಮೇಲೆ ರಸ್ತೆಯ ಎರಡೂ ಕಡೆ ನೋಡದೆ ಓಡಿ ಬಂದ.

ನಾನು ಹೆಂಗಸರ ಸೀಟಿನಲ್ಲಿ ಕೂತೆ. ನಡುದಾರಿಯ ಆಚೆ ಬದಿಯಲ್ಲಿ ಉಳಿದಿದ್ದ ಒಂದು ಸೀಟಿನಲ್ಲಿ ಅವನು ಕೂತ. ಬಸ್ಸು ಹೊರಟು ಊರು ದಾಟಿತು.

"ಅಮ್ಮೀನ ಯಾವಾಗ ಕಳಿಸ್ಲಿ?" ಎಂದ.

"ಚಹಾ ಕುಡಿಯೋಕೆ ಬರ್ಲಿ. ಪೈಗಾಮ್ ಆಗಲೇ ಬಂತು. ಇಡೀ ಬಸ್ ಸ್ಟ್ಯಾಂಡ್ ಕೇಳಿದೆ."

ಅವನು ನಕ್ಕ. ನಗುವಾಗ ಥೇಟ್ ಅಪ್ಪನ ಹಾಗೆ ಅವನ ಕಾಲು ಕುಣಿಯಿತು. ತಿರುವಿನಲ್ಲಿ ಬಸ್ಸು ವಾಲಿದಾಗ ನಡುದಾರಿಯ ಕಂಬಿ ಹಿಡಿದೆ. ಅವನೂ ಅದನ್ನೇ ಹಿಡಿದ. ಅವನ ಕಿರುಬೆರಳು ನನ್ನ ಕಿರುಬೆರಳಿಗೆ ತಾಗಿ ನಿಂತಿತು.

"ಚಿನಕುರಳಿ ಬಂತು" ಎಂದ, ಮೈಕಿನಲ್ಲಿ ಹೇಳುತ್ತಿದ್ದ ಅದೇ ಮೆಲುದನಿಯಲ್ಲಿ. "ಇನ್ನು ಸ್ವಲ್ಪ ಹೊತ್ತು, ಅಲುಗಾಡಬೇಡಿ."

ನಾನು ಅಲುಗಾಡಲಿಲ್ಲ.