ಏಳನೇ ಗೇಟು

ಹನ್ನೊಂದು ವರ್ಷ ತೆಪ್ಪಗಿದ್ದ ಬಾರ್ನಿಗೆ ಈಗ ಸತ್ಯದ ಹುಚ್ಚು ಹಿಡಿದಿತ್ತು. ಎದೆಯ ಆಪರೇಷನ್ ಮಾಡಿಸಿಕೊಂಡವನು ಆಸ್ಪತ್ರೆಯಿಂದಲೇ ಫೋನು ಮಾಡಿದ್ದ. "ಆ ಕುದುರೆ ಸವಾರನ ತಾಯಿ ಇನ್ನೂ ಬದುಕಿದಾಳೆ ಕಣೋ ಕ್ಲೈವ್. ಪೊಲೀಸರಿಗೆ ಹೇಳ್ಬಿಡ್ತೀನಿ. ನಿಂಗೆ ಮೊದ್ಲೇ ತಿಳಿಸಿದೀನಿ, ಆಮೇಲೆ ಬೈಬೇಡ."

ಹನ್ನೊಂದು ವರ್ಷದ ಹಿಂದೆ ಅವತ್ತು ಕುಡಿದು ಗಾಡಿ ಓಡಿಸಿದ್ದವನು ಕ್ಲೈವ್. ದನ ಅಟ್ಟಿಕೊಂಡು ಹೋಗುತ್ತಿದ್ದ ಸವಾರನಿಗೆ ಗುದ್ದಿ ಕೊಂದು, ನಿಲ್ಲಿಸದೆ ಹೋದವನೂ ಅವನೇ. ಬಾರ್ನಿ ಪಕ್ಕದಲ್ಲಿ ಕೂತಿದ್ದ, ಅಷ್ಟೆ. ಈಗ ಪುಣ್ಯ ಬಾರ್ನಿಗಂತೆ, ಅರವತ್ತನಾಲ್ಕನೇ ವಯಸ್ಸಿನಲ್ಲಿ ಜೈಲು ಮಾತ್ರ ಕ್ಲೈವ್‌ಗಂತೆ! ಎಲ್ಲಿಯ ನ್ಯಾಯ ಇದು?

"ಹೇಳುವಿಯಂತೆ. ಅದಕ್ಕೂ ಮುಂಚೆ ಒಂದ್ಸಲ ಡೇರೆ ಹಾಕ್ಕೊಂಡು ಹಳೇ ದಾರೀಲಿ ಸುತ್ತಿ ಬರೋಣ" ಎಂದ ಕ್ಲೈವ್. ಬಾರ್ನಿ ಅತ್ತೇಬಿಟ್ಟ.

ಕ್ಲೈವ್ ಯಾವುದನ್ನೂ ಅದೃಷ್ಟಕ್ಕೆ ಬಿಡಲಿಲ್ಲ. ಪೆಟ್ರೋಲು, ಊಟ ಸಿಗುವ ಕೊನೆಯ ರೋಡ್‌ಹೌಸ್‌ನಲ್ಲಿ ಪ್ರಯಾಣಿಕರು ತಮ್ಮ ದಾರಿ ಬರೆದಿಡುವ ಪುಸ್ತಕವಿತ್ತು. ಅದರಲ್ಲಿ 'ಉತ್ತರದ ರಸ್ತೆ, ಹದಿನೈದು ದಿನ ಕಳೆದರೂ ಬಾರದಿದ್ದರೆ ಹುಡುಕಿ' ಎಂದು ಬರೆದು, ಗಾಡಿಯನ್ನು ದಕ್ಷಿಣಕ್ಕೆ ತಿರುಗಿಸಿದ. ಅದು ದನ ಸಾಕುತ್ತಿದ್ದ, ಈಗ ಪಾಳುಬಿದ್ದ ಎಸ್ಟೇಟಿನ ದಾರಿ. ಬೇಸಿಗೆಯಲ್ಲಿ ನರಪಿಳ್ಳೆಯೂ ಹಾಯುವುದಿಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ವಾಚಾಳಿ ಬಾರ್ನಿ ಸಿಕ್ಕವರಿಗೆಲ್ಲ ತಾವಿರುವ ಜಾಗ ಹೇಳಿಯಾನೆಂದು ಗಾಡಿಯ ವೈರ್‌ಲೆಸ್ ರೇಡಿಯೋವನ್ನು ಮೊದಲೇ ಬಿಚ್ಚಿ ಮನೆಯಲ್ಲಿಟ್ಟಿದ್ದ. ನಾಲ್ಕನೆಯ ದಿನ ಉತ್ತರದ ಠಾಣೆಗೆ ಓಡಿ, ಎದೆ ಹಿಡಿದುಕೊಂಡು, "ಮಾತ್ರೆಯ ಮಂಕಿನಲ್ಲಿ ಗೆಳೆಯ ಡೇರೆಯಿಂದ ಎದ್ದು ಹೋದ ಸಾರ್" ಎಂದರಾಯಿತು. ಹುಡುಕಲಿ, ಉತ್ತರವನ್ನೆಲ್ಲ ಜಾಲಾಡಲಿ.

ಉಳಿದ ಕೆಲಸ ಗೇಟಿನದು. ಎಸ್ಟೇಟಿನ ದಾರಿಯುದ್ದಕ್ಕೂ ಬೇಲಿಗಳು, ಪ್ರತಿ ಬೇಲಿಗೂ ಒಂದು ಗೇಟು. ಪಕ್ಕದಲ್ಲಿ ಕೂತವನು ಇಳಿದು ಗೇಟು ತೆರೆಯಬೇಕು, ಗಾಡಿ ದಾಟಿದ ಮೇಲೆ ಮುಚ್ಚಬೇಕು. ಒಳಗೆ ದನವೇ ಇರದಿದ್ದರೂ ಮುಚ್ಚಿದ್ದ ಗೇಟು ಮುಚ್ಚಿಯೇ ಇರಬೇಕು. ಬಾರ್ನಿ ಪ್ರಾಣ ಬಿಟ್ಟಾನು, ಈ ನೇಮ ಬಿಡುವವನಲ್ಲ.

ಬೆಳಿಗ್ಗೆಯೇ ಒಂದು ಟೈರು ಪಂಕ್ಚರ್ ಆಯಿತು. ಬಾರ್ನಿಯೇ ಬದಲಿಸಿದ. "ಇನ್ನೊಂದೇ ಸ್ಟೆಪ್ನಿ ಉಳಿದಿರೋದು. ನಿಧಾನ ಮಾರಾಯ, ಕಲ್ಲು ಚೂರಿ ಇದ್ದಂಗಿವೆ."

"ನೀನು ಗೇಟು ನೋಡ್ಕೊ, ಗಾಡಿ ನಾನು ನೋಡ್ಕೋತೀನಿ."

ಗೇಟುಗಳ ಕೊಂಡಿಗಳೆಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಪ್ರತಿ ಸಲವೂ ಬಾರ್ನಿ ಶಪಿಸುತ್ತ ಗಾಡಿಯ ಹಿಂಭಾಗಕ್ಕೆ ಹೋಗಿ, ಬಂದು, ಠಣ್ ಠಣ್ ಎಂದು ಬಡಿಯುತ್ತಿದ್ದ. "ಇವನ್ನ ಹಾಕಿದೋನ ಕೈ ಸೇದಿಹೋಗ!" ಆರು ಗೇಟು ಹೀಗೇ ಕಳೆದವು.

ಏಳನೆಯದು ಬಂತು. ನಲವತ್ತಾರು ಡಿಗ್ರಿ ಬಿಸಿಲು. ಬಾರ್ನಿ ಇಳಿದ. ಕ್ಲೈವ್ ಒಂದೊಂದಾಗಿ ನೋಡಿಕೊಂಡ: ಬಾರ್ನಿಯ ಟೊಪ್ಪಿಗೆ ಸೀಟಿನ ಮೇಲೆ, ನೀರಿನ ಬಾಟಲಿ ಮುಂದೆ, ಮಾತ್ರೆ ಚೀಲದಲ್ಲಿ. ಠಣ್ ಠಣ್. ಗೇಟು ತೆರೆಯಿತು. ಗಾಡಿ ದಾಟಿತು. ಬಾರ್ನಿ ಬೆನ್ನು ಹಾಕಿ ಕೊಂಡಿ ಕೂರಿಸುತ್ತಿದ್ದಾಗ ಕ್ಲೈವ್ ಆಕ್ಸಿಲರೇಟರ್ ಮೇಲೆ ಕಾಲಿಟ್ಟ. ಪೂರ್ತಿ ಒತ್ತಿದ.

"ಲೋ ಕ್ಲೈವ್! ತಮಾಷೆ ಸಾಕು, ನಿಲ್ಸೋ! ನಿಲ್ಸೋ ಅಂದ್ನಲ್ಲ!"

ಕನ್ನಡಿಯಲ್ಲಿ ಬಾರ್ನಿ ಕೈಯೆತ್ತಿ ಓಡಿ ಬರುತ್ತಿದ್ದ. ಕೈಯಲ್ಲಿ ಏನೋ ಫಳಕ್ಕೆಂದಿತು. ಗಡಿಯಾರವಿರಬೇಕು. ಆಮೇಲೆ ಧೂಳು ಅವನನ್ನು ಮುಚ್ಚಿತು.

ಆ ಕೂಗು ಕಿವಿಯಿಂದ ಹೋಗಲೆಂದು ಕ್ಲೈವ್ ಎಂಬತ್ತರ ವೇಗದಲ್ಲಿ ಓಡಿಸಿದ. ಅರವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಢಮ್ ಎಂದಿತು; ನಿಲ್ಲಿಸುವ ಹೊತ್ತಿಗೆ ಟೈರು ಚಿಂದಿಯಾಗಿ, ರಿಮ್ಮು ಸೊಟ್ಟಗಾಗಿತ್ತು. ಹೆದ್ದಾರಿಗೆ ಇನ್ನೂ ನೂರಮೂವತ್ತು. ಅವನು ಗಾಬರಿಯಾಗಲಿಲ್ಲ. ಎಂಟು ದಿನದ ನೀರಿತ್ತು, ಸ್ಟೆಪ್ನಿ ಇತ್ತು. ಸಿಳ್ಳೆ ಹಾಕುತ್ತ ಜಾಕ್ ಕೊಟ್ಟು ಗಾಡಿ ಎತ್ತಿದ, ರಿಪೇರಿ ಸಾಮಾನಿನ ಪೆಟ್ಟಿಗೆಗೆ ಕೈ ಹಾಕಿದ. ತಡಕಿದ. ಪೆಟ್ಟಿಗೆಯನ್ನೇ ಮಗುಚಿ ನೆಲಕ್ಕೆ ಸುರಿದ. ಸಿಳ್ಳೆ ನಿಂತಿತು. ಕನ್ನಡಿಯಲ್ಲಿ ಫಳಕ್ಕೆಂದದ್ದು ಗಡಿಯಾರವಲ್ಲ; ಬಾರ್ನಿ ಏಳೂ ಗೇಟುಗಳ ಕೊಂಡಿ ಬಡಿದದ್ದು ಚಕ್ರ ಬಿಚ್ಚುವ ಸ್ಪಾನರ್‌ನಿಂದ.