ಬಿಟ್ಟ ಮನೆಯ ಹಸಿ ಮುಳ್ಳು

೧೯೭೪ರ ಡಿಸೆಂಬರ್ ಹನ್ನೊಂದರ ಬೆಳಿಗ್ಗೆ ಶಾಂತಕ್ಕ ಚಿತ್ರದುರ್ಗದ ಪೇಟೆ ಠಾಣೆಗೆ ಬಂದು ದೂರು ಕೊಟ್ಟಳು. ಅವಳ ಮಹಡಿಯ ಕೋಣೆಯನ್ನು ಹದಿನೈದು ದಿನಕ್ಕೆ ಬಾಡಿಗೆಗೆ ಹಿಡಿದಿದ್ದ ಮೈಸೂರಿನ ಗೋವಿಂದಯ್ಯ ಹಿಂದಿನ ಸಂಜೆ ತಿರುಗಾಡಲು ಹೋದವರು ಮರಳಿರಲಿಲ್ಲ. ರೈಲ್ವೆಯಿಂದ ನಿವೃತ್ತರಾದ ಮನುಷ್ಯ. ಹಳೆಯ ಊರುಗಳಲ್ಲಿ ಕೋಣೆ ಹಿಡಿದು ಕೇರಿ ಕೇರಿ ನಡೆದು ನೋಡುವುದು ಅವರ ಹುಚ್ಚು. ಯಾರಿಗೂ ತೊಂದರೆ ಕೊಡದ ಹುಚ್ಚು.

ಮಧ್ಯಾಹ್ನಕ್ಕೆ ಕೋಟೆಯ ಬುಡದ ಹೊಂಡದಲ್ಲಿ ಅವರ ಶವ ತೇಲಿತು. ಸಬ್ ಇನ್ಸ್‌ಪೆಕ್ಟರ್ ಚಿತ್ರಲಿಂಗಪ್ಪ ಪಂಚರನ್ನು ಕರೆಸಿ ಪಂಚನಾಮೆ ನಡೆಸಿದರು. ತಲೆಯ ಹಿಂಭಾಗದಲ್ಲಿ ಗಾಯ. ಬಲ ಅಂಗೈಯಲ್ಲಿ ಮುರಿದುಕೊಂಡಿದ್ದ ಒಂದು ಜಾಲಿ ಮುಳ್ಳು.

"ಪಾಚಿ ಐತೆ ಸಾರ್, ಕಾಲು ಜಾರಿರ್ಬೇಕು" ಎಂದ ಕಾನ್‌ಸ್ಟೇಬಲ್ ದಾಸಣ್ಣ.

ಇರಬಹುದು. ಆದರೆ ಹೊಂಡದ ಸುತ್ತ ಕಲ್ಲೇ ಹೊರತು ಜಾಲಿ ಇರಲಿಲ್ಲ. ಮೈಸೂರಿಗೆ ತಂತಿ ಹೋಗಿತ್ತು, ಮರುದಿನ ಹೆಂಡತಿ ಬರುವವರಿದ್ದರು. ಹೇಗೆ ಸತ್ತರು ಎಂದು ಆಕೆ ಕೇಳಿದರೆ, ಗೊತ್ತಿಲ್ಲದೆ 'ಕಾಲು ಜಾರಿ' ಎನ್ನಲು ಚಿತ್ರಲಿಂಗಪ್ಪನವರಿಗೆ ಬಾಯಿ ಬರುವಂತಿರಲಿಲ್ಲ. ಸದ್ಯಕ್ಕೆ ಅಸಹಜ ಸಾವೆಂದು ದಾಖಲಿಸಿ ಶಾಂತಕ್ಕನ ಮನೆಗೆ ಹೋದರು.

ಗೋವಿಂದಯ್ಯ ಎರಡು ದಿನದಿಂದ ಬಾಳೆಹಣ್ಣು ಕೊಂಡು ಒಂದೇ ಬೀದಿಗೆ ಹೋಗುತ್ತಿದ್ದರಂತೆ. ಮತ್ತೇನಾದರೂ ಕೇಳಿದ್ದರಾ ಎಂದಾಗ ಶಾಂತಕ್ಕ ಸ್ವಲ್ಪ ಯೋಚಿಸಿದಳು.

"ಬಾಗಿಲಿಗೆ ಮುಳ್ಳು ಕಟ್ಟಿದ ಮನೇಲಿ ಯಾರಾದ್ರೂ ಇರ್ತಾರೇನಮ್ಮ ಅಂದ್ರು. ಬಿಟ್ಟ ಮನೇಲಿ ಯಾರಿರ್ತಾರೆ ಸ್ವಾಮಿ ಅಂತ ನಕ್ಬಿಟ್ಟೆ."

ಕೆಟ್ಟ ನಕ್ಷತ್ರದಲ್ಲಿ ಸಾವಾದ ಮನೆಯನ್ನು ಆರು ತಿಂಗಳು ಬಿಡುವುದುಂಟು. ಬೀಗ ಜಡಿದು, ಬಾಗಿಲಿಗೆ ಮುಳ್ಳು ಕಟ್ಟಿ ಹೊರಟರೆ ಶಾಂತಿ ಮಾಡಿಸುವ ತನಕ ಮನೆಯವರೂ ಅತ್ತ ಸುಳಿಯುವುದಿಲ್ಲ. ಹೊಸದುರ್ಗದ ಕಡೆಯ ಚಿತ್ರಲಿಂಗಪ್ಪನವರ ಮನೆಯನ್ನೂ ಅಜ್ಜಿ ತೀರಿದಾಗ ಹೀಗೇ ಬಿಟ್ಟಿದ್ದರು. ಅವರು ದಾಸಣ್ಣನ ಜೊತೆ ಗೋವಿಂದಯ್ಯ ನಡೆದ ದಾರಿಯನ್ನೇ ಹಿಡಿದರು. ಬುರುಜಿನ ನೆರಳಿನ ಓಣಿಗಳು, ಮಾಸಿದ ಜಗಲಿಗಳು. ಸತ್ತವರ ಕಣ್ಣಿಗೆ ಇವೆಲ್ಲ ಚೆಂದ ಕಂಡಿದ್ದವಲ್ಲ ಎಂದು ಮನಸ್ಸು ಕಹಿಯಾಯಿತು.

ಓಣಿಯ ಕೊನೆಗೆ ಮುಳ್ಳು ಕಟ್ಟಿದ ಮನೆ ಸಿಕ್ಕಿತು. ಜಂಪಣ್ಣನದು, ತಾಯಿ ಶ್ರಾವಣದಲ್ಲಿ ತೀರಿಕೊಂಡಿದ್ದಳೆಂದು ನೆರೆಯವರು ಹೇಳಿದರು. ಚಿತ್ರಲಿಂಗಪ್ಪ ಬಾಗಿಲ ಬಳಿ ಬಗ್ಗಿ ನೋಡಿದರು. ಜಾಲಿಯ ಎಲೆ ಇನ್ನೂ ಹಸಿರಾಗಿತ್ತು.

ಬೀಗದ ಕೈ ಸಮೇತ ಜಂಪಣ್ಣನನ್ನು ಕರೆತರಲಾಯಿತು. ಐವತ್ತರ ಆಸುಪಾಸಿನ, ಮೈ ಹಿಡಿಮಾಡಿಕೊಂಡು ನಿಲ್ಲುವ ಆಸಾಮಿ.

"ಮುಳ್ಳು ಕಟ್ಟಿದ್ದು ಯಾವಾಗ?"

"ಅವ್ವ ಹೋದಾಗ ಸ್ವಾಮಿ."

"ಆಮೇಲೆ ಮುಟ್ಟಿದ್ಯಾ?"

"ಶಾಂತಿ ಆಗ್ದೆ ಹೆಂಗೆ ಮುಟ್ಲಿ?"

"ನಾಕು ತಿಂಗಳ ಮುಳ್ಳು ಒಣಗಿ ಸೌದೆ ಆಗ್ಬೇಕಿತ್ತು. ಇದು ಹಸಿ ಐತಲ್ಲ ಜಂಪಣ್ಣ."

ಜಂಪಣ್ಣ ಬೀಗದ ಕೈಯನ್ನು ಮೆಟ್ಟಿಲ ಮೇಲೆ ಇಟ್ಟ.

ಅವನು ಬಾಯಿಬಿಟ್ಟದ್ದನ್ನು ದಾಸಣ್ಣ ಬರೆದುಕೊಂಡ. ತಂಗಿ ಹೊನ್ನಕ್ಕನಿಗೆ ದೊಡ್ಡರೋಗ, ಎಂದರೆ ಕುಷ್ಠ, ಕಾಣಿಸಿಕೊಂಡಿತ್ತು. ಅವನ ಮಗಳಿಗೆ ರಾಮಗಿರಿಯ ಸಂಬಂಧ ಗಟ್ಟಿಯಾಗಿತ್ತು; ರೋಗದ ಸುದ್ದಿ ಹಬ್ಬಿದರೆ ಮದುವೆ ಮುರಿಯುತ್ತಿತ್ತು. ತಂಗಿ ಧರ್ಮಪುರದ ನೆಂಟರ ಮನೆಯಲ್ಲಿದ್ದಾಳೆಂದು ಊರಿಗೆ ಹೇಳಿ, ಯಾರೂ ಬಾರದ ಈ ಮನೆಯೊಳಗೆ ಕೂಡಿಹಾಕಿದ್ದ. ಕತ್ತಲಾದ ಮೇಲೆ ಅನ್ನ ತಂದು, ಹೋಗುವಾಗ ಮುಳ್ಳು ಕಟ್ಟುತ್ತಿದ್ದ. ಕಿತ್ತು ಕಟ್ಟಿ ಪುಡಿಯಾದಾಗಲೆಲ್ಲ ಹೊಸದು ತರುತ್ತಿದ್ದ. ಬರಿಬಾಗಿಲು ಬಿಟ್ಟರೆ ತಾಯಿಯ ಸಾವಿನ ದೋಷ ಊರಿಗೆ ತಟ್ಟೀತೆಂಬ ಭಯ ಅವನಿಗೆ ನಿಜವಾಗಿಯೂ ಇತ್ತು.

ಹಿಂದಿನ ಸಂಜೆ ಗೋವಿಂದಯ್ಯ ಬಾಗಿಲ ಪಕ್ಕದ ಕಿಟಕಿಗೂ ಚಾಚಿದ್ದ ಮುಳ್ಳು ಸರಿಸಿ, ಒಳಗಿದ್ದ ಹೊನ್ನಕ್ಕನಿಗೆ ಬಾಳೆಹಣ್ಣು ಕೊಡಲು ಅದರ ಸಂದಿಗೆ ಕೈ ಹಾಕಿದ್ದಾಗ ಜಂಪಣ್ಣ ಎದುರಾಗಿದ್ದ.

"ನಾಳೆ ಡಾಕ್ಟರನ್ನೇ ಕರ್ಕೊಂಡು ಬರ್ತೀನಿ, ವಾಸಿಯಾಗೋ ಕಾಯಿಲೆ ಅಂದ್ರು. ಹೊಂಡದ ತನಕ ಹಿಂದೆ ಹೋಗಿ ಕಾಲು ಹಿಡಿದೆ. ಮದುವೆ ಮುಗೀಲಿ ಸ್ವಾಮಿ ಅಂದೆ. ಕೇಳ್ಲಿಲ್ಲ. ನೂಕ್ಬಿಟ್ಟೆ."

ಸಂಜೆ ಐದಕ್ಕೆ ದಸ್ತಗಿರಿ ಆಯಿತು. ಅಸಹಜ ಸಾವಿನ ಪ್ರಕರಣ ಕೊಲೆಗೆ ಬದಲಾಗಬೇಕಿತ್ತು. ಮಗಳ ಮದುವೆ ಇನ್ನು ನಡೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಜಂಪಣ್ಣನೂ ಅದನ್ನೇ ಹೇಳಿಕೊಂಡು ಅತ್ತ.

ಶಾಂತಿ ಆಗಿಲ್ಲವೆಂದು ದಾಸಣ್ಣ ಹಿಂಜರಿದ. ಚಿತ್ರಲಿಂಗಪ್ಪ ತಾವೇ ಮುಳ್ಳು ಕಿತ್ತು ಬೀಗ ತೆಗೆದರು. ಮೂಲೆಯಲ್ಲಿ ಸೆರಗು ಹೊದ್ದು ಕುಳಿತಿದ್ದ ಹೆಂಗಸು ಬೆಳಕಿಗೆ ಕಣ್ಣು ಕಿರಿದು ಮಾಡಿದಳು. ಪಕ್ಕದಲ್ಲಿ ಬಾಳೆಹಣ್ಣಿನ ಸಿಪ್ಪೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದಳು.

"ನೀವು ರಾಯರು ಹೇಳಿದ್ದ ಡಾಕ್ಟರಾ?" ಎಂದಳು. "ರಾಯರು ಎಲ್ಲಿ? ಅವ್ರ ಮುಖಾನೇ ನಾನು ನೋಡಿಲ್ಲ."

ಮೈಸೂರಿನಾಕೆಗೆ ಏನು ಹೇಳಬೇಕೆಂದು ದಿನವಿಡೀ ಯೋಚಿಸಿದ್ದ ಚಿತ್ರಲಿಂಗಪ್ಪ ಈ ಹೆಂಗಸಿಗೂ ಹೇಳಬೇಕಾದೀತೆಂದು ಎಣಿಸಿರಲಿಲ್ಲ. ಟೋಪಿ ತೆಗೆದು ಅವಳ ಹತ್ತಿರವೇ ನೆಲದ ಮೇಲೆ ಕುಳಿತರು.