ಸ್ಥಾಪಕರ ಎಡಮೀಸೆ

ಗುರುವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಠಾಣೆಗೆ ದೂರು ಬಂತು. ತಂದವನು ಇನ್ಸ್‌ಪೆಕ್ಟರ ಸ್ವಂತ ಬಾಮೈದ. ಕಸುಬಿನಲ್ಲಿ ಫೋಟೋಗ್ರಾಫರ್. ಆರು ತಿಂಗಳಿಂದ ಅಕ್ಕನ ಮನೆಯ ಹಾಲ್‌ನಲ್ಲಿ ದೀಪ, ಪರದೆ, ಸ್ಟ್ಯಾಂಡುಗಳ ಸಮೇತ ಬಿಡಾರ ಹೂಡಿದ್ದ. ಇನ್ಸ್‌ಪೆಕ್ಟರು ಟಿ.ವಿ. ನೋಡಿ ಅಷ್ಟೇ ದಿನಗಳಾಗಿದ್ದವು.

"ಭಾವ, ಕ್ಯಾಮೆರಾ ಹೋಯ್ತು!"

"ಎಲ್ಲಿಂದ?"

"ಲೈಬ್ರರಿಯಿಂದ. ಊಟಕ್ಕೆ ಅಂತ ಅರ್ಧ ಗಂಟೆ ಹೊರಗೆ ಹೋಗಿದ್ದೆ. ಬಂದು ನೋಡಿದ್ರೆ ಸ್ಟ್ಯಾಂಡ್ ಇದೆ, ಕ್ಯಾಮೆರಾ ಇಲ್ಲ. ಶನಿವಾರದೊಳಗೆ ಸ್ಥಾಪಕರ ಚಿತ್ರದ ಫೋಟೋ ಕೊಡದಿದ್ರೆ ಈ ಕೆಲಸ ಕೈತಪ್ಪುತ್ತೆ. ಆಮೇಲೆ ನನ್ನ ಸ್ಟುಡಿಯೋ ಕನಸು ಅಷ್ಟೇ. ನಿಮ್ಮ ಮನೇಲೇ ಇರ್ತೀನಿ ಬಿಡಿ."

ಇನ್ಸ್‌ಪೆಕ್ಟರು ತಕ್ಷಣ ಪೆನ್ನೆತ್ತಿಕೊಂಡರು. ಇಡೀ ವೃತ್ತಿಜೀವನದಲ್ಲಿ ಅವರು ಯಾವ ಎಫ್‌ಐಆರನ್ನೂ ಅಷ್ಟು ಬೇಗ ದಾಖಲಿಸಿರಲಿಲ್ಲ.

ಎರಡೂಕಾಲಿಗೆ ದಫೇದಾರನನ್ನು ಕರೆದುಕೊಂಡು ಲೈಬ್ರರಿ ತಲುಪಿದರು. ಹಳೆಯ ಎರಡಂತಸ್ತಿನ ಕಟ್ಟಡ, ಮರದ ಅಟ್ಟ, ಸಾಲು ಕಪಾಟುಗಳು. ಓದುವ ಕೋಣೆಯ ಗೋಡೆಯ ಮೇಲೆ ಸ್ಥಾಪಕರ ದೊಡ್ಡ ವರ್ಣಚಿತ್ರವಿತ್ತು; ಹುಬ್ಬು ಗಂಟಿಕ್ಕಿದ ಮುಖ, ಅದಕ್ಕೊಪ್ಪುವ ಗಿರಿಜಾ ಮೀಸೆ. ಅದರ ಕೆಳಗೆ ಸ್ಥಾಪಕರ ಮೊಮ್ಮಗಳು, ಈಗಿನ ಅಧ್ಯಕ್ಷೆ, ಅಜ್ಜನಂತೆಯೇ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು. ಬಾಗಿಲ ಬಳಿ ಅಟೆಂಡರ್ ಕೈಕಟ್ಟಿಕೊಂಡು ನಿಂತಿದ್ದ. ಇಪ್ಪತ್ತನಾಲ್ಕು ವರ್ಷದ ಸರ್ವಿಸು, ಒಂದು ದಿನವೂ ತಡವಾಗಿ ಬಂದವನಲ್ಲ ಎಂದು ಅಧ್ಯಕ್ಷೆಯೇ ಹೇಳಿದರು.

ಇಬ್ಬರು ಓದುಗರನ್ನು ಪಂಚರನ್ನಾಗಿ ಮಾಡಿಕೊಂಡು ಸ್ಥಳ ಪಂಚನಾಮೆ ಶುರುವಾಯಿತು.

"ಬೆಳಿಗ್ಗೆಯಿಂದ ಎಷ್ಟು ಫೋಟೋ ತೆಗೆದೆ?" ಇನ್ಸ್‌ಪೆಕ್ಟರು ಬಾಮೈದನನ್ನು ಕೇಳಿದರು.

"ನಾಲ್ಕು. ಮೂರು ಹಾಳಾದವು."

"ಇಡೀ ಬೆಳಿಗ್ಗೆಗೆ ನಾಲ್ಕೇ?"

ಬಾಮೈದನಿಗೆ ಇಂಥ ಪ್ರಶ್ನೆ ಎಂದರೆ ಪಂಚಪ್ರಾಣ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಎಂಬ ಬಿಲ್ಲೆ ಇರುತ್ತದೆ, ಅದು ಕೂದಲೆಳೆಗಿಂತಲೂ ಸಣ್ಣ ಅಳತೆಯಲ್ಲಿ ಅತ್ತಿತ್ತ ಸರಿಯುತ್ತ ಒಂದೇ ದೃಶ್ಯವನ್ನು ಹದಿನಾರು ಸಲ ತೆಗೆಯುತ್ತದೆ, ಹದಿನಾರನ್ನೂ ಬೆಸೆದರೆ ಬರಿಗಣ್ಣಿಗೆ ಕಾಣದ್ದೂ ಕಾಣುವ ಒಂದು ಚಿತ್ರ ಸಿಗುತ್ತದೆ ಎಂದು ಕೈಬಾಯಿ ಆಡಿಸಿ ವಿವರಿಸಿದ. "ಆದ್ರೆ ಆ ಹೊತ್ತಿಗೆ ನೆಲ ಒಂದಿಷ್ಟು ಅಲುಗಿದ್ರೂ ಮುಗೀತು ಭಾವ. ಚಿತ್ರ ಕಲಸುಮೇಲೋಗರ."

"ಮೂರು ಸಲ ಅಲುಗಿತಾ?"

"ಹೌದು. ಹತ್ತು ನಲವತ್ತಕ್ಕೆ, ಹತ್ತು ಐವತ್ತೈದಕ್ಕೆ, ಹನ್ನೊಂದು ಹತ್ತಕ್ಕೆ. ಲಾರಿ ಹೋಯ್ತೇನೋ ಅಂದ್ಕೊಂಡೆ."

ಇನ್ಸ್‌ಪೆಕ್ಟರು ಕಿಟಕಿಯಿಂದ ಇಣುಕಿದರು. ಬೀದಿ ಎಷ್ಟು ಕಿರಿದೆಂದರೆ ಎರಡು ಸೈಕಲ್ಲು ಎದುರಾದರೆ ಒಂದು ಇಳಿಯಬೇಕು. ಲಾರಿಯಂತೂ ದೂರದ ಮಾತು. ಅವರು ತಲೆಯೆತ್ತಿ ಅಟ್ಟ ನೋಡಿದರು.

"ಮೇಲೇನಿದೆ?"

"ಹಳೇ ಪುಸ್ತಕದ ಕೋಣೆ ಸಾರ್," ಎಂದ ಅಟೆಂಡರ್.

"ಬೀಗದ ಕೈ?"

"ನನ್ನ ಹತ್ರ."

"ಇನ್ಯಾರ ಹತ್ರ?"

"ಯಾರ ಹತ್ರಾನೂ ಇಲ್ಲ ಸಾರ್."

ಮೈಕೈ ತುಂಬಿಕೊಂಡಿದ್ದ ದಫೇದಾರನನ್ನು ಮೇಲೆ ಕಳಿಸಿ ಕುಣಿಯಲು ಹೇಳಿದರು. ಮೂರು ಸಲ ಧಡ್ ಧಡ್ ಎಂದಿತು. ಸ್ಟ್ಯಾಂಡ್ ನಡುಗಿತು, ದೀಪ ತೂಗಾಡಿತು, ಪಂಚರೊಬ್ಬರ ಕನ್ನಡಕ ಜಾರಿತು. ಅಟೆಂಡರ್ ಮಾತ್ರ ನೆಲ ನೋಡುತ್ತ ನಿಂತಿದ್ದ.

"ನಾಲ್ಕನೇದು ಹೇಗೆ ಸರಿ ಬಂತು?"

"ಹನ್ನೊಂದೂವರೆಗೆ ಈ ಅಟೆಂಡರ್ ಟೀ ತಂದುಕೊಟ್ರು. ಇಲ್ಲೇ ನಿಂತಿದ್ರು," ಎಂದ ಬಾಮೈದ. "ಕ್ಯಾಮೆರಾದ ಪರದೆ ಮೇಲೆ ಸ್ಥಾಪಕರ ಕಣ್ಣು ದೊಡ್ಡದು ಮಾಡಿ ತೋರಿಸಿದೆ. ಊಟ ಆದ್ಮೇಲೆ ಮೀಸೆ ನೋಡೋಣ ಅಂದೆ. ಪಾಪ, ಟೀ ಲೋಟ ಅಲ್ಲೇ ಬಿಟ್ಟು ಹೋದ್ರು."

"ಆ ಫೋಟೋ ಕ್ಯಾಮೆರಾ ಜೊತೆ ಹೋಯ್ತಾ?"

"ಇಲ್ಲ ಭಾವ, ತೆಗೆದಿದ್ದೆಲ್ಲ ತಂತಾನೇ ಬ್ಯಾಗಿನ ಲ್ಯಾಪ್‌ಟಾಪಿಗೆ ಬರುತ್ತೆ. ಆದ್ರೆ ಅದೊಂದೇ ಸಾಲದು, ಇನ್ನೂ ಐದಾರು ಬೇಕು."

ಅಟೆಂಡರ್ ಮುಖದಲ್ಲಿ ರಕ್ತ ಉಳಿಯಲಿಲ್ಲ.

ಲ್ಯಾಪ್‌ಟಾಪ್ ತೆರೆದು ಮೀಸೆಯನ್ನು ಹಿಗ್ಗಿಸಿದರು. ಬಲಮೀಸೆ ನೂರು ವರ್ಷ ಹಳೆಯದು. ಸಣ್ಣ ಸಣ್ಣ ಬಿರುಕು, ಒಂದೊಂದು ಕೂದಲೂ ಬೇರೆ. ಎಡಮೀಸೆಯಲ್ಲಿ ಬಿರುಕಿರಲಿ, ಕೂದಲೂ ಇರಲಿಲ್ಲ. ನುಣ್ಣನೆಯ ಕಂದು ಬಣ್ಣ, ಕೆಳಗೊಂದು ಇಳಿದು ಒಣಗಿದ ಹನಿ. ಇನ್ಸ್‌ಪೆಕ್ಟರು ಒಮ್ಮೆ ಮೀಸೆ ನೋಡಿದರು, ಒಮ್ಮೆ ಕಿಟಕಿಯ ಚೌಕಟ್ಟು ನೋಡಿದರು. ಎರಡೂ ಒಂದೇ ಡಬ್ಬದವು.

"ಕ್ಯಾಮೆರಾ ಎಲ್ಲಿ?"

"ನಾನು ಕಳ್ಳ ಅಲ್ಲ ಸಾರ್."

"ಕೇಳಿದ್ದು ಅದಲ್ಲ."

ಅಷ್ಟರಲ್ಲಿ ಮೇಲಿನಿಂದ ಏದುಸಿರು ಬಿಡುತ್ತ ಇಳಿದ ದಫೇದಾರ ಮೇಜಿನ ಮೇಲಿದ್ದ ರಿಜಿಸ್ಟರ್ ತೆರೆದಿದ್ದ. ಯಾವ ಕಚೇರಿಗೆ ಹೋದರೂ ರಿಜಿಸ್ಟರ್ ತಿರುವಿಹಾಕುವುದು ಅವನ ಚಾಳಿ. ಅದು ಓದುಗರು ಮರೆತುಹೋದ ಸಾಮಾನುಗಳ ದಾಖಲೆ.

"ಸಾರ್, ಇಲ್ಲಿ ಕೇಳಿ," ಎಂದು ಗಟ್ಟಿಯಾಗಿ ಓದತೊಡಗಿದ. "ಕ್ರಮ ಸಂಖ್ಯೆ ನಾನೂರ ಹನ್ನೆರಡು. ಕೊಡೆ ಒಂದು, ಹಿಡಿ ಮುರಿದಿದೆ. ಸಿಕ್ಕ ಸ್ಥಳ, ಬೆಂಚಿನ ಕೆಳಗೆ. ಕ್ರಮ ಸಂಖ್ಯೆ ನಾನೂರ ಹದಿಮೂರು. ಕಪ್ಪು ಕ್ಯಾಮೆರಾ ಒಂದು. ಸಿಕ್ಕ ಸಮಯ, ಹನ್ನೆರಡು ನಲವತ್ತು. ಸಿಕ್ಕ ಸ್ಥಳ, ಸ್ಟ್ಯಾಂಡಿನ ಮೇಲೆ."

ಪಂಚರಿಬ್ಬರೂ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದರು.

"ಬರೀದೆ ಹೇಗೆ ಇಟ್ಕೊಳ್ಳಲಿ ಸಾರ್?" ಎಂದ ಅಟೆಂಡರ್. "ಶನಿವಾರ ಕಳೆದ್ಮೇಲೆ ವಾರಸುದಾರರಿಗೆ ಕೊಡೋಣ ಅಂತಿದ್ದೆ."

ಮರೆತ ಸಾಮಾನಿನ ಕಪಾಟಿನಲ್ಲಿ, ಮುರಿದ ಕೊಡೆಯ ಪಕ್ಕದಲ್ಲೇ, ಚೀಟಿ ಕಟ್ಟಿಸಿಕೊಂಡು ಕ್ಯಾಮೆರಾ ಕೂತಿತ್ತು. ದಫೇದಾರ ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಏನೋ ಲೊಡಲೊಡ ಎಂದಿತು. 'ಒಳಭಾಗ ಮುರಿದಿದೆ' ಎಂದು ಪಂಚನಾಮೆಯಲ್ಲಿ ಬರೆದೂ ಬಿಟ್ಟ. "ಅಯ್ಯೋ, ಮುರಿದಿಲ್ಲ! ಆಫ್ ಮಾಡಿದಾಗ ಸೆನ್ಸರ್ ಹಿಡಿತ ತಪ್ಪಿ ಹಾಗೆ ಸದ್ದು ಮಾಡುತ್ತೆ," ಎಂದು ಬಾಮೈದ ಅದನ್ನು ಕಿತ್ತುಕೊಂಡು ಎದೆಗವಚಿಕೊಂಡ. ಆ ಸಾಲು ಹೊಡೆದುಹಾಕಿ ಎಲ್ಲರ ಸಹಿ ತೆಗೆದುಕೊಳ್ಳುವಷ್ಟರಲ್ಲಿ ಸಂಜೆ ಐದಾಯಿತು.

ಅಟೆಂಡರ್ ಹೇಳಿಕೆ ಕೊಟ್ಟ. ಇಪ್ಪತ್ತೆರಡು ವರ್ಷದ ಹಿಂದೆ ಚಿತ್ರ ಫಳಫಳ ಅನ್ನಲಿ ಎಂಬ ಆಸೆಯಿಂದ ಒದ್ದೆ ಬಟ್ಟೆಯಲ್ಲಿ ಉಜ್ಜಿದ್ದ; ಎಡಮೀಸೆ ಬಟ್ಟೆಗೆ ಬಂತು. ಬಾಗಿಲು ತೆರೆಯಲು ಹತ್ತು ನಿಮಿಷವಿತ್ತು. ಕೈಗೆ ಸಿಕ್ಕಿದ್ದು ಕಿಟಕಿಯ ಬಣ್ಣ. "ಅಧ್ಯಕ್ಷೆ ಅಮ್ಮಾವ್ರಿಗೆ ಅವರ ಅಜ್ಜ ಅಂದ್ರೆ ಪ್ರಾಣ. ಅವರ ಕಣ್ಣಿಗೆ ಬಿದ್ರೆ ನಾನು ಯಾವ ಮುಖ ಇಟ್ಕೊಂಡು ಇಲ್ಲಿ ನಿಲ್ಲಲಿ?"

ಅಧ್ಯಕ್ಷೆ ಎದ್ದು ಅವನ ಮುಂದೆ ಬಂದು ನಿಂತರು.

"ವರ್ಷಾ ವರ್ಷಾ ಕಿಟಕಿಗೆ ಬಣ್ಣ ಹೊಡೆದ ಮಾರನೇ ದಿನ ನಮ್ಮಜ್ಜನ ಎಡಮೀಸೆ ಮಾತ್ರ ಹೊಳೀತಿತ್ತು," ಎಂದರು. "ನಂಗೇನು ಕಣ್ಣಿಲ್ವೇನೋ? ಕೇಳಿದ್ರೆ ಕೆಲಸ ಬಿಟ್ಟು ಹೋಗಿಬಿಡ್ತೀಯ ಅಂತ ಸುಮ್ಮನಿದ್ದೆ."

ಅಟೆಂಡರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತುಬಿಟ್ಟ. ಇನ್ಸ್‌ಪೆಕ್ಟರು ಅವನಿಗೊಂದು ಕುರ್ಚಿ ಎಳೆದುಕೊಟ್ಟರು. ಆದರೂ ಎಫ್‌ಐಆರ್ ಆಗಿತ್ತು, ಕಾನೂನು ಕಾನೂನೇ. ಐದು ಇಪ್ಪತ್ತಕ್ಕೆ ಬಂಧನ ದಾಖಲಾಯಿತು. ಜೀಪು ಹತ್ತುವ ಮುಂಚೆ ಅವನು ಅಪ್ಪಣೆ ಕೇಳಿ ಕಿಟಕಿಗಳನ್ನೆಲ್ಲ ಮುಚ್ಚಿದ, ರಿಜಿಸ್ಟರಿನಲ್ಲಿ 'ವಾರಸುದಾರರಿಗೆ ಹಿಂತಿರುಗಿಸಿದೆ' ಎಂದು ಬರೆದು ಬಾಮೈದನಿಂದ ಸಹಿ ಹಾಕಿಸಿಕೊಂಡ. ಜಾಮೀನಿಗೆ ಸಹಿ ಹಾಕುತ್ತೇನೆಂದು ಅಧ್ಯಕ್ಷೆ ಜೀಪಿನ ಹಿಂದೆಯೇ ಹೊರಟರು.

ಬಾಮೈದ ಶನಿವಾರಕ್ಕೆ ಫೋಟೋ ಕೊಟ್ಟ. ಮುಂದಿನ ವಾರ ಇನ್ಸ್‌ಪೆಕ್ಟರ ಹಾಲ್ ಖಾಲಿಯಾಯಿತು. ಅಂದು ಟಿ.ವಿ. ಹಚ್ಚಿಕೊಂಡು ಕೂತು ಅವರು ಕೇಸಿನ ಕಡತ ಪೂರ್ತಿ ಮಾಡಿದರು. ಅಪರಾಧದ ಉದ್ದೇಶ ಎಂಬ ಕಡೆ ಬಹಳ ಹೊತ್ತು ಪೆನ್ನು ಹಿಡಿದು, ಕೊನೆಗೆ ಹೀಗೆ ಬರೆದರು: 'ಯಜಮಾನಿಗೆ ಗೊತ್ತಾಗಬಾರದೆಂಬ ಭಯ. ಅವರಿಗೆ ಇಪ್ಪತ್ತೆರಡು ವರ್ಷಗಳಿಂದ ಗೊತ್ತಿತ್ತು.'